ಕುಸಿದುದು ಗುಡ್ಡವೋ, ನಮ್ಮ ವಿವೇಕವೋ?

ಪುಣೆಯಿಂದ ಉಡುಪಿ, ಮಂಗಳೂರುಗಳಿಗೆ ಹೋಗುವ ರಾತ್ರಿಯ ಬಸ್ಸಿನಲ್ಲಿ ಒಮ್ಮೆಯಾದರೂ ಪ್ರಯಾಣ ಮಾಡದ ಕರಾವಳಿಯ ಕನ್ನಡಿಗರು ಈ ನಗರದಲ್ಲಿ ವಿರಳ. ಬೆಳಗಾವಿ, ಹುಬ್ಬಳ್ಳಿಗಳನ್ನು ಹಾದು, ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ಮುಟ್ಟುವಾಗ ಕಡಲ ಗಾಳಿ ಮೂಗಿಗೆ ತಾಗುತ್ತದೆ. ಊರು ಬಂತೆಂದು ಮನಸ್ಸು ಹಿಗ್ಗುತ್ತದೆ. ಅಲ್ಲಿಂದ ಕುಮಟೆಯ ದಾರಿ ಹಿಡಿದರೆ ಸ್ವಲ್ಪ ದೂರದಲ್ಲಿಯೇ ಶಿರೂರು. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಗಂಗಾವಳಿ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ. ಆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಚಹದಂಗಡಿಯಿತ್ತು. ಲಾರಿಯವರು ಅಲ್ಲಿ ಗಾಡಿ ನಿಲ್ಲಿಸಿ, ಚಹ ಕುಡಿದು, ಆಯಾಸ ಕಳೆದುಕೊಂಡು ಮುಂದಕ್ಕೆ ಸಾಗುತ್ತಿದ್ದರು.

೨೦೨೪ನೆಯ ಇಸವಿಯ ಜುಲೈ ೧೬ರ ಬೆಳಿಗ್ಗೆ, ಸುರಿಯುವ ಮಳೆಯಲ್ಲಿ, ಆ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದು ಹೊಳೆಗಿಳಿಯಿತು. ಅಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ದಾರಿಹೋಕರೂ ಅದರೊಡನೆ ಹೋದರು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಗೋಡೆಯಂತೆ ಎದ್ದು, ಆಚೆಯ ದಡದ ಉಳುವರೆ ಗ್ರಾಮದ ಮನೆಗಳನ್ನು ಕೆಡವಿತು. ಅಲ್ಲಿಯೂ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಸತ್ತವರೂ ಕಾಣೆಯಾದವರೂ ಸೇರಿ ಒಟ್ಟು ೧೧ ಮಂದಿ. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯೊಡನೆ ಹೊಳೆಯ ತಳದಿಂದ ಮೇಲಕ್ಕೆ ಬಂದುದು ಸೆಪ್ಟೆಂಬರ್ ೨೫ರಂದು.

ಈ ಪತ್ರಿಕೆಯ ಮೇಜಿಗೆ ಬರುವ ಮೊದಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತವರು ನಾವು. ಒಂದು ಚಹದಂಗಡಿ ಮಣ್ಣಿನಡಿಗೆ ಹೋಯಿತೆಂಬ ವರ್ತಮಾನವನ್ನು ನಾವು ಪರರ ಸುದ್ದಿಯೆಂದು ಓದಲಾರೆವು. ಅವರೂ ನಮ್ಮಂತೆಯೇ ಬೆಳಗಾಗುವ ಮೊದಲು ಎದ್ದು ಒಲೆ ಹೊತ್ತಿಸಿ ಹಾಲು ಕಾಯಿಸಿದವರು. ಅವರ ನೆನಪಿಗೆ ನಾವು ಸಲ್ಲಿಸಬಹುದಾದ ಸೇವೆಯೆಂದರೆ, ಗುಡ್ಡ ಏಕೆ ಬಿತ್ತೆಂದು ನೇರವಾಗಿ ಕೇಳಿಕೊಳ್ಳುವುದು.

ಅಂದು ನಮ್ಮ ಹೋಟೆಲುಗಳಲ್ಲಿಯೂ ಖೋಲಿಗಳಲ್ಲಿಯೂ ಕೇಳಿಬಂದ ಮಾತುಗಳನ್ನು ಓದುಗರು ಬಲ್ಲರು. ಒಬ್ಬರು ವಿಧಿಯೆಂದರು, ಇನ್ನೊಬ್ಬರು ಕಲಿಗಾಲವೆಂದರು, ಭೂಮಿತಾಯಿ ಮುನಿದಳೆಂದು ಮತ್ತೊಬ್ಬರು ಕೈ ಮುಗಿದರು. ದೈವಭಕ್ತಿಯಲ್ಲಿ ನಾವು ಯಾರಿಗೂ ಹಿಂದಲ್ಲ. ಆದರೆ ನಮ್ಮ ಕೈಯಿಂದಾದ ಖರ್ಚನ್ನು ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯ ಲಕ್ಷಣವಲ್ಲವೆಂಬುದು ನಮ್ಮ ಅಭಿಮತ. ಭೂಮಿ ನಡುಗುವುದು, ಕಡಲು ಉಕ್ಕುವುದು, ಮಳೆ ಸುರಿಯುವುದು ಪ್ರಕೃತಿಯ ವ್ಯಾಪಾರ. ಅದರಿಂದ ಎಷ್ಟು ಮಂದಿ ಸಾಯುತ್ತಾರೆಂಬುದು ಬಹುಮಟ್ಟಿಗೆ ಮನುಷ್ಯರ ವ್ಯಾಪಾರ. ನಮ್ಮ ಊರುಗಳ ಮಟ್ಟಿಗೆ ಹೇಳುವುದಾದರೆ, ಈ ವ್ಯಾಪಾರದಲ್ಲಿ ಪುಣೆಯಿಂದ ತಿಂಗಳು ತಿಂಗಳೂ ಹೋಗುವ ಮನಿಯಾರ್ಡರಿಗೂ ಬ್ಯಾಂಕಿನ ಹಣಕ್ಕೂ ಒಂದು ಪಾಲಿದೆ. ಈ ಕಡೆಯ ಮಾತು ಅಪ್ರಿಯವಾದುದು; ಅದಕ್ಕಾಗಿಯೇ ಅದನ್ನು ವಿವರಿಸದೆ ಬಿಡುವಂತಿಲ್ಲ.

ಮೊದಲು ಭೂಕಂಪದ ಮಾತು. ನಾವು ನಿಂತಿರುವ ನೆಲ ಒಂದೇ ಅಖಂಡ ಬಂಡೆಯಲ್ಲ. ಭೂಮಿಯ ಮೇಲ್ಪದರವು ದೊಡ್ಡ ದೊಡ್ಡ ಹಲಗೆಗಳಾಗಿ ಒಡೆದಿದೆಯೆಂದೂ, ಆ ಹಲಗೆಗಳು ಬಹಳ ಮೆಲ್ಲಗೆ ಸರಿಯುತ್ತಿವೆಯೆಂದೂ ಭೂವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಭಾರತವನ್ನು ಹೊತ್ತ ಹಲಗೆಯು ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯದ ಹಲಗೆಯನ್ನು ಒತ್ತುತ್ತಿದೆ. ಆ ಒತ್ತಡಕ್ಕೆ ಹಿಮಾಲಯ ಎದ್ದು ನಿಂತಿತು. ಅದೇ ಒತ್ತಡ ನಮ್ಮ ದಖ್ಖಣದ ಹಳೆಯ ಬಂಡೆಗಳ ಬಿರುಕುಗಳಲ್ಲಿಯೂ ಸಂಗ್ರಹವಾಗುತ್ತದೆ. ಬಂಡೆ ತಾಳಲಾರದೆ ಒಮ್ಮೆಗೇ ಜರುಗಿದಾಗ ನೆಲ ನಡುಗುತ್ತದೆ.

ದಖ್ಖಣದ ಪೀಠಭೂಮಿ ಅಲುಗಾಡದೆಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಪುಣೆಯ ದಕ್ಷಿಣಕ್ಕೆ, ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ ಆ ನಂಬಿಕೆ ಮುರಿಯಿತು. ೧೯೬೭ರ ಡಿಸೆಂಬರ್ ೧೧ರ ನಸುಕಿನಲ್ಲಿ, ನಾಲ್ಕೂವರೆ ಗಂಟೆಗೆ ಮುನ್ನ, ಅಲ್ಲಿ ಭೂಮಿ ನಡುಗಿ ಸುಮಾರು ೧೮೦ ಮಂದಿ ಸತ್ತರು. ಕೊಯ್ನಾನಗರದ ಮನೆಗಳು ನೆಲಸಮವಾದುವು. ಅಣೆಕಟ್ಟಿನ ಮೈಯಲ್ಲಿ ಬಿರುಕು ಬಿಟ್ಟರೂ ಅದು ನಿಂತಿತು. ಕೊಯ್ನಾದ ಜಲಾಶಯದಲ್ಲಿ ನೀರು ತುಂಬತೊಡಗಿದ ಮೇಲೆ ೧೯೬೨ರಿಂದ ಅಲ್ಲಿ ಸಣ್ಣ ಸಣ್ಣ ನಡುಕಗಳು ಕಾಣಿಸಿಕೊಂಡಿದ್ದುವು. ನೀರಿನ ಭಾರವೂ ಬಿರುಕುಗಳೊಳಗೆ ಇಳಿದ ನೀರಿನ ಒತ್ತಡವೂ ಮೊದಲೇ ಸಿದ್ಧವಾಗಿದ್ದ ಬಂಡೆಯನ್ನು ಜರುಗಿಸಿರಬೇಕೆಂಬುದು ವಿಜ್ಞಾನಿಗಳ ಮತ. ಜಗತ್ತಿನ ಭೂಕಂಪಶಾಸ್ತ್ರದ ಪುಸ್ತಕಗಳಲ್ಲಿ ಕೊಯ್ನಾದ ಹೆಸರು ಇದೇ ಕಾರಣಕ್ಕೆ ಸೇರಿದೆ. ಆ ಪ್ರದೇಶದಲ್ಲಿಯೇ ಭೂಮಿಯೊಳಕ್ಕೆ ೩ ಕಿಲೋಮೀಟರ್ ಆಳದ ರಂಧ್ರ ಕೊರೆದು ಸರಕಾರದ ವಿಜ್ಞಾನಿಗಳು ಅಭ್ಯಾಸ ನಡೆಸಿದ್ದಾರೆ.

ಕೊಯ್ನಾಕ್ಕಿಂತ ಘೋರವಾದುದು ಕಿಲ್ಲಾರಿ. ೧೯೯೩ರ ಸೆಪ್ಟೆಂಬರ್ ೨೯ರಂದು ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು, ದಣಿದು ಮಲಗಿದ ಜನರ ಮೇಲೆ ಮರುದಿನ ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಮನೆಗಳು ಬಿದ್ದುವು. ಲಾತೂರು, ಉಸ್ಮಾನಾಬಾದು ಜಿಲ್ಲೆಗಳಲ್ಲಿ ಸುಮಾರು ೧೦,೦೦೦ ಮಂದಿ ಮಡಿದರು. ನಮ್ಮ ಬೀದರ, ಕಲಬುರಗಿಗಳಿಗೂ ಅದು ದೂರದ ನೆಲವಲ್ಲ. ಆ ಕಂಪನದ ಪ್ರಮಾಣ ೬.೨ ಮಾತ್ರ. ಆದರೆ ಮನೆಗಳ ಗೋಡೆ ಎಂತಹವು? ಉರುಟು ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ; ಮೇಲೆ, ಬಿಸಿಲಿನ ತಾಪ ತಡೆಯಲೆಂದು ವರ್ಷ ವರ್ಷವೂ ಹೇರಿದ ಮಣ್ಣಿನ ಮಾಳಿಗೆ. ನೆಲ ಅಲುಗಿದೊಡನೆ ಗೋಡೆ ಬಿಚ್ಚಿಕೊಂಡಿತು. ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಇಳಿಯಿತು.

ಇದಕ್ಕೆ ಪ್ರತಿಯಾಗಿ ಒಂದು ದೂರದ ಉದಾಹರಣೆ ಕೊಡುವೆವು. ೨೦೧೦ರ ಜನವರಿಯಲ್ಲಿ ಹೈಟಿ ದೇಶದಲ್ಲಿ ೭.೦ ಪ್ರಮಾಣದ ಭೂಕಂಪವಾಯಿತು; ಸತ್ತವರು ಲಕ್ಷವನ್ನು ಮೀರಿದರು. ಮರುತಿಂಗಳು ಚಿಲಿ ದೇಶದಲ್ಲಿ ೮.೮ ಪ್ರಮಾಣದ ಭೂಕಂಪವಾಯಿತು. ಅದರ ಶಕ್ತಿ ಹೈಟಿಯದಕ್ಕಿಂತ ಸುಮಾರು ೫೦೦ ಪಟ್ಟು ಹೆಚ್ಚು. ಸತ್ತವರು ಸುಮಾರು ೫೦೦. ಚಿಲಿಯ ಜನ ಪದೇ ಪದೇ ಪೆಟ್ಟು ತಿಂದವರಾದ್ದರಿಂದ ಕಟ್ಟಡದ ಕಾನೂನನ್ನು ಕಾಗದದ ಮೇಲೆ ಬಿಡದೆ ಗೋಡೆಯೊಳಗೆ ಸೇರಿಸಿದ್ದರು. ವಿಧಿಯೊಂದೇ ಕಾರಣವಾಗಿದ್ದರೆ, ಹೈಟಿಯ ಬಡವನ ಮೇಲೆ ಮಾತ್ರ ಅದಕ್ಕೆ ಇಷ್ಟು ಹಗೆಯೇಕೆ?

ಇನ್ನು ಸುನಾಮಿ. ಗಾಳಿಯಿಂದೇಳುವ ಅಲೆ ಕಡಲಿನ ಮೇಲ್ಭಾಗವನ್ನು ಮಾತ್ರ ಕಲಕುತ್ತದೆ. ಸುನಾಮಿಯಲ್ಲಿ ಕಡಲಿನ ತಳವೇ ಎದ್ದು ಅಥವಾ ಕುಸಿದು ಇಡಿಯ ನೀರನ್ನು ತಳ್ಳುತ್ತದೆ. ನಮ್ಮ ಅಡಿಗೆಮನೆಯವರಿಗೆ ಇದು ಬೇಗ ತಿಳಿಯತಕ್ಕದ್ದು. ತುಂಬಿದ ಸಾಂಬಾರಿನ ಪಾತ್ರೆಯ ಮೇಲೆ ಊದಿದರೆ ತೆಳುವಾದ ಅಲೆ ಮೂಡೀತು. ಪಾತ್ರೆಯ ಬುಡಕ್ಕೆ ಕೆಳಗಿನಿಂದ ಪೆಟ್ಟು ಬಿದ್ದರೆ ಸಾಂಬಾರು ಅಂಚು ಮೀರಿ ಚೆಲ್ಲುತ್ತದೆ. ಶಿರೂರಿನಲ್ಲಿ ಗುಡ್ಡ ಹೊಳೆಗೆ ಬಿದ್ದಾಗ ಉಳುವರೆಯ ಮೇಲೆ ಎದ್ದ ನೀರೂ ಇದೇ ಬಗೆಯದು. ಅಲ್ಲಿ ಪೆಟ್ಟು ಪಕ್ಕದಿಂದ ಬಿತ್ತು, ಅಷ್ಟೇ ಭೇದ.

೨೦೦೪ರ ಡಿಸೆಂಬರ್ ೨೬ರ ಭಾನುವಾರ ಬೆಳಿಗ್ಗೆ ಸುಮಾತ್ರಾ ದ್ವೀಪದ ಬಳಿ ಕಡಲತಳ ಬಿರಿದುದು ಒಂದು ಸಾವಿರ ಕಿಲೋಮೀಟರಿಗೂ ಮೀರಿದ ಉದ್ದಕ್ಕೆ. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ೨ ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿಯೇ ೧೦,೦೦೦ಕ್ಕೂ ಹೆಚ್ಚು. ನಾಗಪಟ್ಟಣದ ಬೆಸ್ತರ ಕೇರಿಗಳು ತೊಳೆದುಹೋದುವು. ಕಂಪನವಾದ ಕ್ಷಣಕ್ಕೂ ಅಲೆ ತಮಿಳುನಾಡಿನ ದಡವನ್ನು ಮುಟ್ಟಿದ ಕ್ಷಣಕ್ಕೂ ನಡುವೆ ಎರಡು ಗಂಟೆಯ ಅವಕಾಶವಿತ್ತು. ಎರಡು ಗಂಟೆಯಲ್ಲಿ ಒಂದು ಹೋಟೆಲು ಬೆಳಗಿನ ಗಿರಾಕಿಗಳನ್ನೆಲ್ಲ ಮುಗಿಸುತ್ತದೆ. ಆದರೆ ಹೇಳುವವರಿರಲಿಲ್ಲ, ಈ ಸಾಗರದಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ಅಂತಹ ಕೇಂದ್ರ ಏರ್ಪಟ್ಟುದು ೨೦೦೭ರಲ್ಲಿ.

ಸುಮಾತ್ರಾದ ಹತ್ತಿರದಲ್ಲಿಯೇ ಸಿಮೆಲೂ ಎಂಬ ದ್ವೀಪವಿದೆ. ಕಂಪನದ ಕೇಂದ್ರಕ್ಕೆ ಅದರಷ್ಟು ಸಮೀಪದ ನಾಡು ಬೇರೊಂದಿಲ್ಲವೆನ್ನಬಹುದು. ಅಲ್ಲಿಯ ಸುಮಾರು ೭೮,೦೦೦ ಜನರಲ್ಲಿ ಸುನಾಮಿಗೆ ಬಲಿಯಾದವರು ಹತ್ತು ಮಂದಿಯೂ ಇಲ್ಲ. ೧೯೦೭ರಲ್ಲಿ ಒಮ್ಮೆ ಕಡಲು ಉಕ್ಕಿ ಅಲ್ಲಿಯ ಹಿರಿಯರನ್ನು ಕೊಂದಿತ್ತು. ಬದುಕುಳಿದವರು ಅದನ್ನು ಕಥೆಯಾಗಿ, ಜೋಗುಳವಾಗಿ ಮಕ್ಕಳಿಗೆ ಹೇಳುತ್ತ ಬಂದರು: ನೆಲ ಬಲವಾಗಿ ನಡುಗಿದ ಮೇಲೆ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಬೇಕು. ಜನ ಗುಡ್ಡ ಹತ್ತಿದರು. ಹಿರಿಯರ ಒಂದು ಮಾತು ಮೂರು ತಲೆಮಾರು ದಾಟಿ ಬಂದು ಇಡಿಯ ದ್ವೀಪವನ್ನು ಉಳಿಸಿತು. ನಮ್ಮ ಪಶ್ಚಿಮದ ಕಡಲಿಗೆ ಈ ಭಯವಿಲ್ಲವೆಂದು ಯಾರೂ ತಿಳಿಯಬಾರದು. ೧೯೪೫ರ ನವೆಂಬರ್ ೨೮ರಂದು ಮಕರಾನ್ ತೀರದಲ್ಲಿ ಭೂಕಂಪವಾಗಿ, ಅದರ ಅಲೆ ಮುಂಬಯಿಯವರೆಗೆ ಬಂದು ಕೆಲವರನ್ನು ಸೆಳೆದೊಯ್ದಿತ್ತು.

ಭೂಕಂಪವನ್ನು ನಾವು ತಡೆಯಲಾರೆವು, ಸುನಾಮಿಯನ್ನೂ ತಡೆಯಲಾರೆವು. ಆದರೆ ಮೂರನೆಯದಾದ ಗುಡ್ಡಕುಸಿತದ ವಿಷಯ ಬೇರೆ. ಅದರಲ್ಲಿ ಬಹುಪಾಲನ್ನು ನಾವೇ ಸಿದ್ಧಪಡಿಸುತ್ತೇವೆ, ಎಷ್ಟೋ ಸಲ ನಗದು ಕೊಟ್ಟು.

ನಮ್ಮ ಪುಣೆ ಜಿಲ್ಲೆಯ ಆಂಬೇಗಾವ ತಾಲ್ಲೂಕಿನ ಮಾಳೀಣ ಎಂಬ ಹಳ್ಳಿಯನ್ನು ಓದುಗರು ಮರೆತಿರಲಾರರು. ೨೦೧೪ರ ಜುಲೈ ೩೦ರ ಬೆಳಿಗ್ಗೆ ಗುಡ್ಡ ಇಳಿದು ೧೫೧ ಮಂದಿಯನ್ನು ಮುಚ್ಚಿತು. ಆ ದಾರಿಯಾಗಿ ಬಂದ ಎಸ್.ಟಿ. ಬಸ್ಸಿನ ಚಾಲಕನು ಊರಿದ್ದ ಕಡೆ ಊರು ಕಾಣದೆ ಹೋದಾಗಲೇ ಹೊರಜಗತ್ತಿಗೆ ಸುದ್ದಿ ತಿಳಿಯಿತು. ಮಳೆ ವಿಪರೀತವಾಗಿತ್ತೆಂಬುದು ನಿಜ. ಗುಡ್ಡದ ಇಳಿಜಾರನ್ನು ಯಂತ್ರಗಳಿಂದ ಸಮತಟ್ಟು ಮಾಡಿದ್ದೂ ಮರಗಳನ್ನು ಕಡಿದಿದ್ದೂ ಕಾರಣವೆಂದು ತಜ್ಞರು ಅನೇಕರು ಎತ್ತಿ ತೋರಿಸಿದರು. ೨೦೨೧ರ ಜುಲೈಯಲ್ಲಿ ಮಹಾಡ ತಾಲ್ಲೂಕಿನ ತಳಿಯೆ ಗ್ರಾಮದಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಹೋದರು. ೨೦೨೩ರ ಜುಲೈಯಲ್ಲಿ ಖಾಲಾಪುರದ ಇರ್ಶಾಳವಾಡಿಯಲ್ಲಿ ೨೭ ದೇಹಗಳು ದೊರೆತ ಮೇಲೆ, ಐವತ್ತಕ್ಕೂ ಹೆಚ್ಚು ಮಂದಿಯನ್ನು ಮಣ್ಣಿನಲ್ಲಿಯೇ ಬಿಟ್ಟು ಶೋಧವನ್ನು ನಿಲ್ಲಿಸಬೇಕಾಯಿತು.

ಊರ ಕಡೆಯ ಪಟ್ಟಿಯೂ ಇಷ್ಟೇ ಉದ್ದ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಗುಡ್ಡಗಳು ತೋಟ, ಮನೆ, ರಸ್ತೆಗಳೊಡನೆ ಇಳಿದುವು. ಮನೆಗಾಗಿಯೂ ರಸ್ತೆಗಾಗಿಯೂ ಇಳಿಜಾರುಗಳನ್ನು ಮನಬಂದಂತೆ ಕತ್ತರಿಸಿದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಹೇಳಿದರು. ಶಿರೂರು ಕುಸಿದ ಎರಡೇ ವಾರಗಳಲ್ಲಿ, ೨೦೨೪ರ ಜುಲೈ ೩೦ರ ನಡುರಾತ್ರಿ ಕಳೆದ ಮೇಲೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. ತೋಟದ ಕೂಲಿಗೆಂದು ಹೋಗಿ ನೆಲೆಸಿದ್ದ ಕನ್ನಡಿಗರೂ ಅವರಲ್ಲಿದ್ದರು. ೨೦೨೫ರ ಮೇ ೩೦ರಂದು ಉಳ್ಳಾಲದ ಸಮೀಪದ ಮೊಂಟೆಪದವಿನಲ್ಲಿ ಮನೆಯ ಹಿಂದಿನ ಗುಡ್ಡ ಮನೆಯ ಮೇಲೆ ಬಿದ್ದು, ಒಬ್ಬ ಅಜ್ಜಿಯೂ ಇಬ್ಬರು ಎಳೆಯ ಮೊಮ್ಮಕ್ಕಳೂ ತೀರಿಕೊಂಡರು.

ಮನೆಯ ಹಿಂದಿನ ಗುಡ್ಡ! ಓದುಗ ಬಂಧುಗಳೇ, ನಿಮ್ಮಲ್ಲಿ ಎಷ್ಟು ಮಂದಿಯ ಮನೆಯ ಹಿಂದೆ ಗುಡ್ಡವಿಲ್ಲ? ಅಂಗಳಕ್ಕಾಗಿ ಕಡಿದುಳಿದ ಆ ಮಣ್ಣಿನ ಗೋಡೆಗೆ ನಮ್ಮ ಕಡೆ ಧರೆ ಎನ್ನುತ್ತಾರೆ. ಭೂಮಿಗೂ ಅದೇ ಹೆಸರು. ಆ ಧರೆಯ ಮೇಲುಭಾಗದಲ್ಲಿ ಗಟ್ಟಿಯಾದ ಮುರಕಲ್ಲು ಇರುತ್ತದೆ. ಅದರ ಕೆಳಗೆ ನುಣುಪಾದ ಶೇಡಿಮಣ್ಣು. ಮುರಕಲ್ಲಿನ ಸಂದುಗಳಲ್ಲಿ ಇಳಿದ ಮಳೆನೀರು ಶೇಡಿಮಣ್ಣಿನ ಮೇಲೆ ನಿಂತು, ಅದನ್ನು ನೆನೆಸಿ, ಬೆಣ್ಣೆಯಂತೆ ಮಾಡುತ್ತದೆ. ಇಳಿಜಾರು ತನ್ನ ಸಹಜವಾದ ಓರೆಯಲ್ಲಿದ್ದರೆ ಬುಡದ ಮಣ್ಣು ಮೇಲಿನ ಭಾರವನ್ನು ತಡೆದು ಹಿಡಿದಿರುತ್ತದೆ. ಆ ಬುಡವನ್ನೇ ಕಡಿದು ನೆಟ್ಟಗೆ ನಿಲ್ಲಿಸಿದಿರೆನ್ನಿ. ಉಗ್ರಾಣದಲ್ಲಿ ಒಂದರ ಮೇಲೊಂದು ಒಟ್ಟಿದ ಅಕ್ಕಿಮೂಟೆಗಳಲ್ಲಿ ಕೆಳಗಿನ ಮೂಟೆಯನ್ನು ಎಳೆದುಕೊಂಡರೆ ಏನಾಗುವುದೆಂದು ಹೋಟೆಲಿನ ಪ್ರತಿಯೊಬ್ಬ ಹುಡುಗನೂ ಬಲ್ಲ. ಶಿರೂರಿನಲ್ಲಿ ಹೆದ್ದಾರಿಯ ಅಗಲೀಕರಣಕ್ಕಾಗಿ ಗುಡ್ಡವನ್ನು ಕಡಿದ ಕ್ರಮದ ಮೇಲೆ ಬಂದ ಆಕ್ಷೇಪವೂ ಇದೇ.

ಇಲ್ಲಿ ನಮ್ಮ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳದೆ ಮುಂದುವರಿಯುವುದು ನ್ಯಾಯವಾಗದು. ನಮ್ಮ ಊರು ಕುಂದಾಪುರ ತಾಲ್ಲೂಕಿನಲ್ಲಿ, ಘಟ್ಟದ ಬುಡದಲ್ಲಿದೆ. ಹೋಟೆಲು ನಾಲ್ಕು ಕಾಸು ಕೊಡತೊಡಗಿದ ಕಾಲದಲ್ಲಿ ಊರಿನ ಮನೆಯ ಅಂಗಳವನ್ನು ಹಿಗ್ಗಿಸಬೇಕೆಂದು ನಮಗೆ ಮನಸ್ಸಾಯಿತು. ಕಾರು ಬಾಗಿಲಿನವರೆಗೆ ಬಂದು ತಿರುಗಬೇಕು. ಮನೆಯ ಹಿಂದುಗಡೆ ಹೊಸ ಅಡಿಗೆಮನೆಯಾಗಬೇಕು. ಪುಣೆಯಲ್ಲಿ ಕುಳಿತು, ಫೋನಿನಲ್ಲಿ ಅಪ್ಪಣೆ ಕೊಟ್ಟು, ಜೆಸಿಬಿ ತರಿಸಿ, ಎರಡೇ ದಿನದಲ್ಲಿ ಧರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಸಿದೆವು. ನಮ್ಮ ಸೋದರಮಾವ ಒಬ್ಬರೇ ಬೇಡವೆಂದರು. “ಮಗಾ, ಧರೆಯ ಬುಡ ತೆಗೆದರೆ ತಲೆ ನಿಲ್ಲುವುದಿಲ್ಲ. ಅಜ್ಜ ಮನೆಗೂ ಗುಡ್ಡಕ್ಕೂ ನಡುವೆ ಅಷ್ಟು ಜಾಗ ಬಿಟ್ಟದ್ದು ದಡ್ಡತನದಿಂದಲ್ಲ” ಎಂದರು. ನಾವು ನಕ್ಕುಬಿಟ್ಟೆವು. ಪುಣೆಯಲ್ಲಿ ಹೋಟೆಲು ನಡೆಸುವವನಿಗೆ ಅಡಕೆತೋಟದ ಮುದುಕನು ಕಲಿಸುವುದೇನೆಂಬ ಭಾವ.

ಮೇಲುಗಡೆ ಅಜ್ಜನ ಕಾಲದ ಒಂದು ಅಗಳಿತ್ತು. ಗುಡ್ಡದಿಂದ ಹರಿದುಬರುವ ಮಳೆನೀರನ್ನು ಮನೆಯ ನೆತ್ತಿಗೆ ಬಾರದಂತೆ ಪಕ್ಕದ ತೋಡಿಗೆ ತಿರುಗಿಸುವುದು ಅದರ ಕೆಲಸ. ಜೆಸಿಬಿ ಅದನ್ನೂ ಮುಚ್ಚಿತು. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯ ಮಳೆಗಾಲದ ಒಂದು ರಾತ್ರಿ ಧರೆ ಬಿದ್ದು ಹೊಸ ಅಡಿಗೆಮನೆಯನ್ನು ತುಂಬಿತು. ಕೊಟ್ಟಿಗೆಯಲ್ಲಿದ್ದ ದನ, ಕರು ಎರಡೂ ಹೋದುವು. ನಮ್ಮ ತಾಯಿ ಪ್ರತಿದಿನ ಮಲಗುತ್ತಿದ್ದುದು ಅಡಿಗೆಮನೆಗೆ ತಗುಲಿದ ಕೋಣೆಯಲ್ಲಿ. ಅಂದು ಸೆಕೆಯೆಂದು ಚಾವಡಿಗೆ ಬಂದು ಮಲಗಿದ್ದರು. ಅಷ್ಟೇ. ನಸುಕಿನಲ್ಲಿ ಫೋನು ಬಂದಾಗ, ಸೋದರಮಾವ ನಮ್ಮ ತಪ್ಪಿನ ಮಾತನ್ನೇ ಎತ್ತಲಿಲ್ಲ. “ಅಕ್ಕ ಇದ್ದಾಳೆ, ನೀನು ಗಾಬರಿಯಾಗಬೇಡ” ಎಂದರು. ಅವರು ಬೈದಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇದು ನಮ್ಮೊಬ್ಬರ ಕಥೆಯಲ್ಲವೆಂಬುದು ಊರಿಗೆ ಹೋಗಿಬರುವ ಎಲ್ಲರಿಗೂ ಗೊತ್ತು. ಹೊರನಾಡಿನ ದುಡಿಮೆಯಿಂದ ಊರಿನಲ್ಲಿ ಮನೆಗಳೆದ್ದುವು. ಅದು ಹೆಮ್ಮೆಯ ಸಂಗತಿಯೇ. ಆದರೆ ಗ್ರಾನೈಟಿಗೂ ಗೇಟಿಗೂ ಗೃಹಪ್ರವೇಶದ ಊಟಕ್ಕೂ ಬಿಚ್ಚುಗೈಯಾದ ನಾವು, ಧರೆಗೆ ಒಂದು ತಡೆಗೋಡೆ, ನೀರಿಗೆ ಒಂದು ಕಣಿ ಎಂದೊಡನೆ ಕೈ ಹಿಡಿಯುತ್ತೇವೆ. ನೆಂಟರ ಕಣ್ಣಿಗೆ ಕಾಣುವ ಖರ್ಚು ಅದಲ್ಲವಷ್ಟೆ!

ಇದನ್ನೋದಿ ನಮ್ಮ ಓದುಗರಲ್ಲಿ ಒಬ್ಬರು ಕೇಳಬಹುದು: “ಸಂಪಾದಕರೇ, ನಿಮಗೆ ಅಂಗಳ ಹಿಗ್ಗಿಸುವ ಚಪಲವಿತ್ತು. ನನಗೆ ಇರುವುದೇ ಐದು ಸೆಂಟ್ಸು. ಅದೂ ಗುಡ್ಡದ ಇಳಿಜಾರಿನಲ್ಲಿ. ಬಯಲು ಗದ್ದೆ ಕೊಳ್ಳುವ ತಾಕತ್ತಿಲ್ಲ. ನಾನು ಮನೆಯನ್ನೇ ಕಟ್ಟಬಾರದೇ?” ಈ ಪ್ರಶ್ನೆ ನ್ಯಾಯವಾದುದು. ಮಾಳೀಣದವರೂ ಇರ್ಶಾಳವಾಡಿಯವರೂ ಬೇರೆ ನೆಲವಿಲ್ಲದ್ದರಿಂದಲೇ ಅಲ್ಲಿದ್ದರು. ಇಳಿಜಾರಿನಲ್ಲಿ ಮನೆ ಕಟ್ಟಬಾರದೆಂದು ನಾವು ಹೇಳುವುದಿಲ್ಲ. ಒಮ್ಮೆಗೇ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬಹುದು. ಮನೆಗೂ ಧರೆಗೂ ನಡುವೆ ಅಂತರ ಬಿಡಬಹುದು. ಮನೆ ಒಂದು ಕೋಣೆ ಚಿಕ್ಕದಾದರೂ ಚಿಂತೆಯಿಲ್ಲ. ಧರೆಯ ನೆತ್ತಿಯಲ್ಲಿ ಅಗಳು ತೋಡಿ ನೀರನ್ನು ಪಕ್ಕಕ್ಕೆ ಬಿಡಬಹುದು. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬೀಳಲು ತೂತುಗಳನ್ನಿಡತಕ್ಕದ್ದು. ತೂತಿಲ್ಲದ ಗೋಡೆ ಹಿಂದೆ ನೀರನ್ನು ಕೂಡಿಹಾಕಿಕೊಂಡು ಧರೆಯೊಡನೆ ತಾನೂ ಮನೆಯ ಮೇಲೆ ಬೀಳುತ್ತದೆ. ಇವುಗಳಲ್ಲಿ ಹೆಚ್ಚಿನವು ಹಣಕ್ಕಿಂತ ತಾಳ್ಮೆಯನ್ನು ಕೇಳುವಂಥವು.

ಸರಕಾರದ ಹೊಣೆಯನ್ನು ನಾವು ಮರೆಮಾಚುವವರಲ್ಲ. ಪುಣೆಯಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ಬಹುಕಾಲ ವಿಜ್ಞಾನಸೇವೆ ಸಲ್ಲಿಸಿದ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು ೨೦೧೧ರಲ್ಲಿಯೇ ಪಶ್ಚಿಮಘಟ್ಟಗಳನ್ನು ಕುರಿತು ಎಚ್ಚರಿಕೆ ಕೊಟ್ಟಿತ್ತು. ಅದು ಕಠಿಣವೆಂದು ಕಸ್ತೂರಿರಂಗನ್ ಸಮಿತಿ ಬಂದಿತು. ೨೦೧೩ರಲ್ಲಿ ಅದರ ವರದಿಯೂ ಬಂದಿತು. ೨೦೨೪ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಅದನ್ನೂ ತಿರಸ್ಕರಿಸಲು ನಿರ್ಧರಿಸಿತು. ಗಂಗಾವಳಿಯಿಂದ ಲಾರಿಯನ್ನು ಮೇಲೆತ್ತಿದುದೂ ಅದೇ ತಿಂಗಳಿನಲ್ಲಿ. ವರದಿಗಳಲ್ಲಿ ರೈತನಿಗೆ ಒಪ್ಪಿಗೆಯಾಗದ ಅಂಶಗಳಿರಬಹುದು. ಅವನ ಭೂಮಿ, ಅವನ ಜೀವನದ ಪ್ರಶ್ನೆ. ಅವನ್ನು ತಿದ್ದಲಿ. ಆದರೆ ವರದಿಯನ್ನು ಬದಿಗಿಟ್ಟವರು ಅದರ ಸ್ಥಾನದಲ್ಲಿ ಇನ್ನೇನನ್ನು ಇಡುವರೆಂದು ಕೇಳುವ ಹಕ್ಕು ಗುಡ್ಡದ ಬುಡದಲ್ಲಿ ಮಲಗುವವನಿಗಿದೆ. ಹೆದ್ದಾರಿಗಾಗಿ ಗುಡ್ಡ ಕಡಿದ ಮೇಲೆ ಅದನ್ನು ಭದ್ರಪಡಿಸಿದ ಬಗೆಯನ್ನು ಮಳೆಗಾಲಕ್ಕೆ ಮೊದಲು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯತಿಯ ಬಾಗಿಲಿನಲ್ಲಿ ಅಂಟಿಸತಕ್ಕದ್ದೆಂಬುದು ನಮ್ಮ ಒತ್ತಾಯ.

ಈ ಸಂದರ್ಭದಲ್ಲಿ ರೈಲಿನ ಒಂದು ಮಾತು. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನವಾಗಿ ಓಡುತ್ತದೆಂದು ಗೊಣಗದವರಿಲ್ಲ. ೨೦೦೩ರ ಜೂನ್ ೨೨ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟ ರಜಾಕಾಲದ ವಿಶೇಷ ರೈಲು ವೈಭವವಾಡಿಯ ಬಳಿ, ಹಳಿಯ ಮೇಲೆ ಕುಸಿದುಬಿದ್ದ ಬಂಡೆಗಳಿಗೆ ತಾಗಿ ಉರುಳಿ, ಸುಮಾರು ಐವತ್ತು ಮಂದಿ ಸತ್ತರು. ಮರುವರ್ಷದ ಜೂನಿನಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ರೈಲಿಗೂ ಮಹಾಡದ ಕಡೆ ಅದೇ ಗತಿಯಾಗಿ ಹಲವರು ಮಡಿದರು. ರಜೆ ಮುಗಿಸಿ ದುಡಿಮೆಗೆ ಮರಳುವ ನಮ್ಮಂಥವರೇ ಆ ಡಬ್ಬಿಗಳಲ್ಲಿದ್ದವರು. ಮಳೆಗಾಲದ ನಿಧಾನದ ವೇಳಾಪಟ್ಟಿಯ ಹಿಂದೆ ಅವರ ಪ್ರಾಣವಿದೆ. ಎರಡು ಗಂಟೆ ತಡವಾದರೆ ನಷ್ಟವೇನು?

ಕಡೆಯದಾಗಿ, ಪುಣೆಯಲ್ಲಿ ನಾವು ಇರುವ ರೀತಿ. ಹೋಟೆಲಿನ ಅಟ್ಟದ ಮೇಲೆ ಎಣ್ಣೆಯ ಡಬ್ಬಿಗಳನ್ನೂ ಸಕ್ಕರೆಯ ಮೂಟೆಗಳನ್ನೂ ಒಟ್ಟಿ, ಅದರ ಕೆಳಗೆ ಹುಡುಗರನ್ನು ಮಲಗಿಸುವ ಪದ್ಧತಿ ಇನ್ನೂ ಹೋಗಿಲ್ಲ. ನಾವೂ ಹಾಗೆಯೇ ಮಲಗಿ ಬೆಳೆದವರು, ಮಾಲೀಕರಾದ ಮೇಲೆ ಹಾಗೆಯೇ ಮಲಗಿಸಿದವರು. ಕಿಲ್ಲಾರಿಯ ಮಾಳಿಗೆಗೂ ಈ ಅಟ್ಟಕ್ಕೂ ಏನು ವ್ಯತ್ಯಾಸ? ಭಾರವಾದುದೆಲ್ಲ ಕೆಳಗಿರಲಿ, ಮಲಗುವವರ ನೆತ್ತಿ ಬರಿದಾಗಿರಲಿ. ಗ್ಯಾಸಿನ ಸಿಲಿಂಡರುಗಳನ್ನು ಗೋಡೆಗೆ ಸರಪಳಿಯಿಂದ ಬಿಗಿಯಲಿ. ರಾತ್ರಿ ಹೊರಗಿನಿಂದ ಬೀಗ ಹಾಕುವ ಅಭ್ಯಾಸವನ್ನು ಮಾಲೀಕರು ಇಂದೇ ಬಿಡಲಿ. ಸಾಲ ಮಾಡಿ ಫ್ಲಾಟು ಕೊಳ್ಳುವ ಗುಮಾಸ್ತ ಮಿತ್ರರು, ಕೆಳಗೆ ಬರಿಯ ಕಂಬಗಳ ಮೇಲೆ ನಿಂತ ವಾಹನದಂಗಳವಿದ್ದರೆ, ಆ ಕಂಬಗಳನ್ನು ಭೂಕಂಪದ ಲೆಕ್ಕ ಹಾಕಿ ಕಟ್ಟಿದೆಯೇ ಎಂದು ಬಿಲ್ಡರನ ಇಂಜಿನಿಯರನ್ನು ಲಿಖಿತವಾಗಿ ಕೇಳಲಿ. ೨೦೦೧ರ ಜನವರಿ ೨೬ರ ಕಚ್ಛದ ಭೂಕಂಪದಲ್ಲಿ, ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಮಡಚಿಬಿದ್ದ ಅನೇಕ ಮನೆಗಳು ಇಂತಹವೇ. ಸ್ನಾನದ ಮನೆಯ ಟೈಲ್ಸಿನ ಬಣ್ಣ ಕೇಳುವ ನಾವು, ಕಂಬದ ಮಾತು ಕೇಳಲು ನಾಚಬೇಕೆ?

ಪ್ರತಿಯೊಬ್ಬ ಓದುಗರಲ್ಲಿಯೂ ನಮ್ಮ ಬಿನ್ನಹವೊಂದಿದೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿಂದಕ್ಕೆ ಹೋಗಿ ಧರೆಯನ್ನು ಒಮ್ಮೆ ನೋಡಿ. ನೆತ್ತಿಯಲ್ಲಿ ಹೊಸ ಬಿರುಕು ಬಿಟ್ಟಿದೆಯೇ? ಮರಗಳು, ಕಂಬಗಳು ಮನೆಯತ್ತ ವಾಲಿವೆಯೇ? ಹಿಂದೆ ಇಲ್ಲದ ಕಡೆ ನೀರು ಒಸರುತ್ತಿದೆಯೇ? ಬಾವಿಯ ನೀರು, ತೋಡಿನ ನೀರು ಒಮ್ಮೆಗೇ ಕೆಂಪಾಗಿದೆಯೇ? ಸರಾಗವಾಗಿದ್ದ ಬಾಗಿಲು ಕಾರಣವಿಲ್ಲದೆ ಬಿಗಿಯಾಗಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ಮಳೆಗಾಲ ಮನೆಯವರು ಅಲ್ಲಿ ಮಲಗಬಾರದು. ಪಂಚಾಯತಿಗೂ ತಹಶೀಲ್ದಾರರಿಗೂ ಬರೆದು ತಿಳಿಸಬೇಕು. ಏನೂ ಕಾಣದಿದ್ದರೂ, ಬಿಡದೆ ಮಳೆ ಹೊಯ್ಯುವ ರಾತ್ರಿಗಳಲ್ಲಿ ಧರೆಯ ಮಗ್ಗುಲಿನ ಕೋಣೆಯನ್ನು ಬಿಟ್ಟು ಚಾವಡಿಯಲ್ಲಿ ಮಲಗಲು ಹಿರಿಯರಿಗೆ ಹೇಳಿ. ಕಾಸಿನ ಖರ್ಚಿಲ್ಲದ ಈ ಒಂದು ಉಪಾಯದಿಂದಲೇ ನಮ್ಮ ತಾಯಿ ನಮಗೆ ಉಳಿದರು. ನಮ್ಮ ಬುದ್ಧಿವಂತಿಕೆಯಿಂದಲ್ಲ, ಸೆಕೆಯ ದಯೆಯಿಂದ.

ಆ ವರ್ಷವೇ ನಾವು ಊರಿಗೆ ಹೋಗಿ ಅಜ್ಜನ ಅಗಳನ್ನು ಮತ್ತೆ ತೋಡಿಸಿದೆವು. ಈ ಸಲ ಜೆಸಿಬಿ ಕರೆಯಲಿಲ್ಲ. ಎಲ್ಲಿಂದ ಎಲ್ಲಿಗೆ ಗೆರೆ ಹೋಗಬೇಕೆಂದು ಸೋದರಮಾವನೇ ಕೋಲು ಹಿಡಿದು ತೋರಿಸಿದರು. ಅಡಿಗೆಮನೆಯನ್ನು ಮರಳಿ ಕಟ್ಟಲಿಲ್ಲ. ಅಂಗಳ ಈಗ ಕಿರಿದಾಗಿದೆ. ಕಾರು ದಣಪೆಯ ಹೊರಗೆ ನಿಲ್ಲುತ್ತದೆ.